ನೆಲ ಅಗೆದ ಭಾನುವಾರ

ಆ ಬೆಂಚನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಕೂರುವ ಬೆಂಚಲ್ಲ, ಮರಗೆಲಸ ಮಾಡುವ ಬೆಂಚು. ನನ್ನ ಗಂಡ ಒಂದೇ ದಿನದಲ್ಲಿ ಮೊಳೆ ಹೊಡೆದು ನಿಲ್ಲಿಸಿದ್ದು. ಮೇಲಿನ ಹಲಗೆ ಗಣಿಗೆ ಸಿಡಿಮದ್ದು ತುಂಬಿಕೊಂಡು ಬರುತ್ತಿದ್ದ ಪೆಟ್ಟಿಗೆಗಳದ್ದು. ಖಾಲಿಯಾದ ಪೆಟ್ಟಿಗೆಗಳನ್ನು ಗಣಿಯವರು ಮಾರಿಬಿಡುತ್ತಿದ್ದರು. ನಮ್ಮ ಕೂಲಿ ಲೈನಿನ ಸಾಲುಮನೆಗಳಲ್ಲಿ ಬಾಗಿಲು, ಮಂಚ, ಕೋಳಿಗೂಡು, ತೊಟ್ಟಿಲು ಎಲ್ಲವೂ ಆ ಹಲಗೆಯವೇ. ನೋಡಲು ಬೆಳ್ಳಗೆ, ಕೈಗೆ ಹಗುರ, ಆದರೆ ಬಾಳೆದಿಂಡಿಗೆ ಹೊಡೆದ ಮೊಳೆ ನಿಂತರೆ ಅದಕ್ಕೆ ಹೊಡೆದ ಮೊಳೆಯೂ ನಿಂತೀತು. ಕಾಲುಗಳು ನೀಲಗಿರಿ ಮರದವು, ಒಂದೊಂದೂ ಒಂದೊಂದು ಕಡೆಗೆ ಸೊಟ್ಟ. ಉಳಿಯ ಮೇಲೆ ಒಂದು ಏಟು ಬಿದ್ದರೆ ಸಾಕು, ಇಡೀ ಬೆಂಚು ಬಲಕ್ಕೊಮ್ಮೆ ಎಡಕ್ಕೊಮ್ಮೆ ತೂಗಿ ಮೆಲ್ಲಗೆ ಗೋಡೆಯ ಕಡೆಗೆ ನಡೆದುಕೊಂಡು ಹೋಗುತ್ತಿತ್ತು.

ನನ್ನ ಗಂಡ ನನ್ನ ತಾಯಿಯ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹೊಸದೇನಲ್ಲ. ಮಾತು ಬಂದಾಗಿನಿಂದ ಮಾವ ಎಂದು ಕರೆದವಳು ತಾಳಿ ಕಟ್ಟಿಸಿಕೊಂಡ ಮೇಲೂ ಮಾವ ಎಂದೇ ಕರೆದೆ. ಗಂಡನೆಂಬ ಹೆದರಿಕೆಯನ್ನೂ ಹೊಸದಾಗಿ ಕಲಿಯಲಿಲ್ಲ. ಅವನು ಬೂದಿಕೋಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಹೊಲ ಉಳುವುದನ್ನು ಅಣ್ಣನಿಗೆ ಬಿಟ್ಟು ಚಿನ್ನದ ಗಣಿಗೆ ಬಂದು ಸೇರಿದ್ದ. ಕೆಳಗೆ ಸುರಂಗದಲ್ಲಿ ಮರ ನಿಲ್ಲಿಸುವ ಕೆಲಸ. ಬಂಡೆ ತಲೆಯ ಮೇಲೆ ಇಳಿಯದ ಹಾಗೆ ದಪ್ಪ ದಿಮ್ಮಿಗಳನ್ನು ನೆಲಕ್ಕೂ ಮೇಲಿನ ಬಂಡೆಗೂ ನಡುವೆ ಬಿಗಿಯುವುದು. ಹಾಗೆ ಬಿಗಿಯುತ್ತಿದ್ದಾಗಲೇ ಒಂದು ದಿನ ಬಂಡೆ ಸಿಡಿದು ಅವನ ಎಡಗಾಲಿನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ಗಾಯ ಮಾಗಿದ ಮೇಲೆ ಕೈಗೊಂದು ಊರುಗೋಲು ಕೊಟ್ಟು ಮನೆಗೆ ಕಳಿಸಿದರು.

ಲೈನಿನ ಮನೆ ಗಣಿಯಲ್ಲಿ ದುಡಿಯುವವರಿಗೆ ಮಾತ್ರ. ಕೆಲಸ ಹೋಯಿತೆಂದರೆ ಮಡಕೆ ಕುಡಿಕೆ ಹೊತ್ತುಕೊಂಡು ಹೊರಡಬೇಕು. ಆಗ ಮರದ ಯಾರ್ಡಿನ ಗೇಟಿಗೆ ಒಬ್ಬ ಕಾವಲಿನವನು ಬೇಕಾಗಿದ್ದ. ಅಲ್ಲಿನ ಗುಮಾಸ್ತರು ಕರುಣೆಯುಳ್ಳವರು, ಮಾವನ ವಿಷಯವನ್ನು ಗಣಿಯ ಇಂಗ್ಲಿಷ್ ದೊರೆಯ ಕಿವಿಗೆ ಹಾಕಿದರು. ದೊರೆ ಒಂದೇ ಮಾತು ಹೇಳಿದನಂತೆ. ಗೇಟಿನಲ್ಲಿ ನಿಲ್ಲುವವನಿಗೆ ಎರಡು ಕೈಯೂ ಬಿಡುವಾಗಿರಬೇಕು, ಊರುಗೋಲು ಹಿಡಿದವನು ಬೇಡ. ಸೋಮವಾರ ಬಂದು ಗೋಲಿಲ್ಲದೆ ನಿಂತು ತೋರಿಸಲಿ, ಇಲ್ಲವೆಂದರೆ ಮನೆ ಖಾಲಿ ಮಾಡಲಿ.

ಎರಡನೆಯ ಕಾಲು ಎಲ್ಲಿಂದ ತರುವುದು ಎಂದು ನಾನು ಕಂಗಾಲಾದೆ. ಮಾವ ಮಾತ್ರ, "ಮರದಲ್ಲಿ ಮಾಡ್ಕೊತೀನಿ. ನಂಗೇನು ಮರ ಒಸದಾ?" ಎಂದ.

ಊರಿಗೇ ಹೋಗಿಬಿಡೋಣ ಎಂದು ನಾನು ಅಂದು ನೋಡಿದೆ. ಅವನು ಮುಖ ತಿರುಗಿಸಿದ. "ಅಣ್ಣನ ಜಗಲಿ ಮೇಲೆ ಕುಂತು ಅತ್ತಿಗೆ ಆಕಿದ ಮುದ್ದೆ ನುಂಗ್ಲಾ? ಅದಕ್ಕಿಂತ ಆ ಬಂಡೆ ತಲೆ ಮೇಲೇ ಬಿದ್ದಿದ್ರೆ ಚೆಂದಾಗಿತ್ತು." ಅಂಥ ಮಾತು ಕೇಳಿದ ಮೇಲೆ ನಾನು ಊರಿನ ಸುದ್ದಿ ಎತ್ತಲಿಲ್ಲ. ಅವನು ಸುಮ್ಮನೆ ಹೇಳುವ ಜಾತಿಯಲ್ಲ, ನನಗೆ ಗೊತ್ತು.

ನಾನೇ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಶಿವನೆ ಮರದ ಎರಡು ತುಂಡು ತಲೆಯ ಮೇಲೆ ಹೊತ್ತು ತಂದೆ. ಶಿವನೆ ಹಗುರ, ಸುಲಭಕ್ಕೆ ಸೀಳುವುದೂ ಇಲ್ಲ. ಮರದ ಕಾಲೆಂದರೆ ಸುಮ್ಮನೆ ಒಂದು ಗೂಟವಲ್ಲ. ಮೇಲುಗಡೆ ಬಟ್ಟಲಿನಂತೆ ಆಳವಾಗಿ ತೋಡಿ, ಮೊಂಡುಗಾಲು ಒಳಗೆ ಕೂರುವ ಹಾಗೆ ನುಣ್ಣಗೆ ಮಾಡಬೇಕು. ತೋಡಿದ್ದು ಒಂದಿಷ್ಟು ವಾಲಿದರೂ ತೊಟ್ಟವನು ವಾಲುತ್ತಾನೆ. ಶನಿವಾರ ಬೆಳಿಗ್ಗೆ ಮೊದಲನೆಯ ತುಂಡನ್ನು ಬೆಂಚಿಗೆ ಹಗ್ಗದಿಂದ ಕಟ್ಟಿ, ಒಂಟಿ ಕಾಲಲ್ಲಿ ನಿಂತು, ಹೊಟ್ಟೆಯನ್ನು ಬೆಂಚಿಗೆ ಆನಿಸಿಕೊಂಡು ಅವನು ಕೆತ್ತಲು ಶುರುಮಾಡಿದ. ನಾನು ಆಚೆ ಬದಿಯಿಂದ ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದೆ. ಬಟ್ಟಲು ಅರ್ಧ ತೋಡಿ ಆಗಿತ್ತು. ಬೆಂಚು ಒಂದು ಸಲ ಜರುಗಿತು. ಉಳಿ ಬಟ್ಟಲಿನ ಗೋಡೆಯನ್ನು ತೂರಿಕೊಂಡು ಹೊರಗೆ ಬಂತು. ಮಾವ ಮುಗ್ಗರಿಸಿ ಬೆಂಚಿನ ಮೇಲೇ ಬಿದ್ದ. ಆ ತುಂಡು ಒಲೆಗಾಯಿತು.

"ಸರ್ಯಾಗಿ ಇಡ್ಕೋ ಅಂದ್ರೆ ಏನೇ ನೋಡ್ತಾ ಇದ್ದೆ?"

"ನಿನ್ನ ಬೆಂಚಿನ ಕುಣಿತ ನೋಡ್ತಾ ಇದ್ದೆ, ಮಾವ. ತಮಟೆ ಒಂದು ಕಮ್ಮಿ."

"ಬೆಂಚೇನು ಮಾಡ್ತದೆ, ಈ ಲೈನ್ ಮನೆ ನೆಲಾನೇ ಸರಿಯಿಲ್ಲ."

"ಕುಣಿಯಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಿನ್ ಬೆಂಚು ಕುಣಿದೂ ಅದೇ ಮಾತಾಡ್ತದೆ."

ಮಾವ ನಗಲಿಲ್ಲ. ಗರಗಸ ತೆಗೆದುಕೊಂಡು ಉದ್ದವೆಂದು ಕಂಡ ಕಾಲನ್ನು ಕೊಯ್ದ. ಬೆಂಚು ಈಗ ಇನ್ನೊಂದು ಮೂಲೆಗೆ ತೂಗಿತು. ಆ ಮೂಲೆಯ ಕಾಲನ್ನೂ ಕೊಯ್ದ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದೆ, ಕೇಳುವವನ್ಯಾರು? ಸಂಜೆಯ ಹೊತ್ತಿಗೆ ಬೆಂಚು ಅವನ ಸೊಂಟದಿಂದ ಮಂಡಿಯ ಮಟ್ಟಕ್ಕೆ ಇಳಿದಿತ್ತು, ಕುಣಿತ ಮಾತ್ರ ಇಳಿದಿರಲಿಲ್ಲ. ಕಾಲುಗಳ ನಡುವೆ ಅಡ್ಡಪಟ್ಟಿ ಹೊಡೆದ. ನಾಲ್ಕು ಏಟು ಬೀಳುವಷ್ಟರಲ್ಲಿ ಮೇಲಿನ ಹಲಗೆಯಿಂದ ಮೊಳೆಗಳು ಹಲ್ಲು ಕಿರಿದುಕೊಂಡು ಎದ್ದು ಬಂದವು.

ಕೊನೆಗೆ ನೆಲದ ಮೇಲೆ ಕುಳಿತು ಮೇಲೆ ನೋಡಿದ. "ಕೆಳಗೆ ನಾವು ಒಂದು ಮೊಳೆ ಒಡಿಯಲ್ಲ ಕಣೇ. ಮೇಲೆ ಗುಡ್ಡ ಕುಂತಿರ್ತದೆ, ಕೆಳಗೆ ನೆಲ ಇರ್ತದೆ. ಮಧ್ಯೆ ದಿಮ್ಮಿ ಬಿಗಿದ್ರೆ ಅದರಪ್ಪನ ಆಣೆಗೂ ಅಲ್ಲಾಡಲ್ಲ. ಇಲ್ಲಿ ಏನೈತೆ ಮೇಲೆ? ತಗಡು. ಒದ್ರೆ ಆಕಾಶ ಕಾಣ್ತದೆ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಉಳಿದದ್ದು ಒಂದೇ ತುಂಡು ಮರ, ಒಂದೇ ದಿನ. ಆ ತುಂಡೂ ಕೆಟ್ಟರೆ ಸೋಮವಾರ ಇವನು ದೊರೆಯ ಮುಂದೆ ಹೋಗುವುದಿಲ್ಲ, ಅಣ್ಣನ ಮನೆಗೂ ಹೋಗುವುದಿಲ್ಲ. ಮತ್ತೆಲ್ಲಿಗೆ ಹೋಗುತ್ತಾನೆ ಎಂದು ಯೋಚಿಸಲು ನನಗೆ ಧೈರ್ಯ ಸಾಲಲಿಲ್ಲ.

ಬೆಂಚನ್ನು ಹೂಳೋಣ ಎಂದು ಹೇಳಿದವಳು ನಾನು. ನಮ್ಮ ಹಳ್ಳಿಯ ಮನೆಗಳಲ್ಲಿ ಒರಳುಕಲ್ಲು ನೆಲದಲ್ಲಿ ಹೂತಿರುತ್ತದೆ, ಎಷ್ಟು ಕುಟ್ಟಿದರೂ ಮಿಸುಕುವುದಿಲ್ಲ. ಬೆಂಚಿನ ಕಾಲುಗಳನ್ನೂ ಹಾಗೆ ಹೂತರೆ ಎಲ್ಲಿಗೆ ಕುಣಿದುಕೊಂಡು ಹೋದೀತು? ಮಾವ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ನೋಡಲಿಕ್ಕೂ ಕಾರಣವಿತ್ತು. ಲೈನಿನಲ್ಲಿ ಮನೆಯೊಳಗೆ ನೆಲ ಅಗೆಯುವುದೆಂದರೆ ಕುತ್ತಿಗೆಗೆ ಹಗ್ಗ ಹಾಕಿಕೊಂಡ ಹಾಗೆ. ಗಣಿಯಿಂದ ಅದಿರು ಕದ್ದು ತಂದವರು ಒಲೆಯ ಬುಡದಲ್ಲಿ ಹೂತಿಡುತ್ತಾರೆಂದು ಕಾವಲಿನವರು ಮನೆಮನೆಯ ನೆಲವನ್ನು ಕೋಲಿನಿಂದ ತಟ್ಟಿ ನೋಡುತ್ತಿದ್ದರು. ತುಳಸಿ ಗಿಡವನ್ನು ಸಹ ನಾವು ಸೀಮೆಎಣ್ಣೆ ಡಬ್ಬದಲ್ಲಿ ಬೆಳೆಸುತ್ತಿದ್ದೆವು.

"ಬಾಗ್ಲು ತೆಗೆದಿಟ್ಟೇ ಅಗಿಯಾನ," ಎಂದೆ. "ಕಳ್ಳ ಎಲ್ಲಾದ್ರೂ ಬಾಗ್ಲು ತೆಗೆದಿಟ್ಟು ಅಗೀತಾನಾ? ನೋಡೋರು ನೋಡ್ಕೊಳ್ಳಿ."

ಈ ಮಾತು ಅವನಿಗೆ ಹಿಡಿಸಿತು. ಭಾನುವಾರ ಹೊತ್ತು ಮೂಡುತ್ತಲೇ ಬಾಗಿಲು ಅಗಲಿಸಿ ಇಬ್ಬರೂ ಕುಳಿತು ಗುಂಡಿ ತೋಡಿದೆವು. ಕಾಲುಗಳನ್ನು ಇಳಿಬಿಟ್ಟೆವು. ಆದರೆ ನಮ್ಮ ಲೈನಿನ ನೆಲ ಗಣಿಯ ಪುಡಿ ಮರಳಿನದ್ದು, ಎಷ್ಟು ತುಳಿದರೂ ಸಡಿಲ. ಊರಿನಲ್ಲಿ ಬೇಲಿಯ ಕಂಬ ಹೂಳುವಾಗ ನಮ್ಮಪ್ಪ ಸುತ್ತಲೂ ಬೆಣಚುಕಲ್ಲಿನ ಚೂರು ತುಂಬಿ ಜಡಿಯುತ್ತಿದ್ದ. ಬೆಣಚಿಗಿಂತ ಗಟ್ಟಿ ಕಲ್ಲು ನಮ್ಮ ಕಡೆ ಇಲ್ಲ. ನಾನು ಬಿದಿರು ಮಂಕರಿ ಎತ್ತಿಕೊಂಡು ಹೊರಗೆ ಹೋಗಿ, ನೀರಿನ ನಲ್ಲಿಯ ದಾರಿಗೆ ಸುರಿದಿದ್ದ ಬಿಳಿ ಕಲ್ಲುಗಳನ್ನು ಆರಿಸಿ ತಂದೆ. ಎತ್ತಿನ ಗಾಡಿ, ದನ, ಜನ ಎಲ್ಲ ತುಳಿದುಕೊಂಡು ಓಡಾಡುವ ಕಲ್ಲು. ಅದೇ ಬಿಳಿ ಕಲ್ಲಿನಲ್ಲೇ ಕೆಳಗೆ ಚಿನ್ನ ಸಿಗುವುದೆಂದು ಲೈನಿನ ಮಕ್ಕಳಿಗೂ ಗೊತ್ತು, ನಮಗೂ ಗೊತ್ತಿತ್ತು. ಆದರೆ ದಾರಿಯಲ್ಲಿದ್ದರೆ ಕಲ್ಲು, ಮನೆಯ ನೆಲದೊಳಗೆ ಸೇರಿದರೆ ಅದಿರು ಎಂಬುದು ಬೇಲಿಕಂಬ ಹೂತು ಬೆಳೆದ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒನಕೆಯಿಂದ ಕುಟ್ಟಿ ಕುಟ್ಟಿ ಜಡಿದೆವು.

ಬೆಂಚು ನಿಂತಿತು. ಮಾವ ಅದನ್ನು ಭುಜ ಕೊಟ್ಟು ನೂಕಿದ, ನಾನು ಮೇಲೆ ಹತ್ತಿ ಕುಪ್ಪಳಿಸಿದೆ. ಮಿಸುಕಲಿಲ್ಲ. ಕಾಲು ಕಳೆದುಕೊಂಡ ಮೇಲೆ ಅವನು ಹಲ್ಲು ಕಾಣುವಂತೆ ನಕ್ಕದ್ದು ಆವಾಗಲೇ. ಎರಡನೆಯ ತುಂಡನ್ನು ಕಟ್ಟಿ ಕೆತ್ತಲು ಕುಳಿತ. ಸದ್ದೇ ಬೇರೆಯಾಗಿತ್ತು, ಏಟೆಲ್ಲ ಮರಕ್ಕೇ ಬೀಳುತ್ತಿತ್ತು. ಮಧ್ಯಾಹ್ನದೊಳಗೆ ಬಟ್ಟಲು ಆಳವಾಯಿತು, ಒಳಮೈಯೂ ಸುಮಾರಿಗೆ ನೇರವಾಯಿತು. ನಾನು ಮುದ್ದೆಗೆ ಎಸರಿಟ್ಟೆ.

ಬಾಗಿಲಿಗೆ ನೆರಳು ಬಿತ್ತು. ತಿರುಗಿ ನೋಡಿದರೆ ಕಾವಲಿನ ಜಮಾದಾರ, ಹಿಂದೆ ಹಾರೆ ಹಿಡಿದ ಇನ್ನೊಬ್ಬ. ಯಾರು ಹೇಳಿದರೋ ಏನೋ. ಒಂದು ಗೋಡೆಗೆ ಎರಡು ಮನೆ, ಒನಕೆಯ ಸದ್ದು ಲೈನಿನ ಆ ತುದಿಗೂ ಕೇಳಿರಬೇಕು. ಯಾರ ಬಾಯಿ ಅಂತ ಹಿಡಿಯಲಿ?

"ಎನ್ನಮ್ಮಾ, ಬೆಳಿಗ್ಗೆಯಿಂದ ಏನು ಕುಟ್ತಾ ಇದ್ದೆ?" ಎಂದ ಜಮಾದಾರ, ತನ್ನ ತಮಿಳು ಬೆರೆಸಿ.

ಹಾರೆ ನೋಡಿದ್ದೇ ನನಗೆ ಸುಳ್ಳು ಬಾಯಿಗೆ ಬಂತು. "ಖಾರ ಕುಟ್ತಿದ್ದೆ, ಸ್ವಾಮಿ," ಎಂದುಬಿಟ್ಟೆ.

ಅವನು ಮೂಗು ಎಳೆದು ನೋಡಿದ. "ಖಾರ ಕುಟ್ಟಿದ ಮನೇಲಿ ಒಂದು ಸೀನೂ ಇಲ್ಲವಲ್ಲಮ್ಮಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಹಾಗೆಯೇ, ಬೇಡವೆಂದರೂ ನನ್ನ ಕಣ್ಣು ಬೆಂಚಿನ ಬುಡಕ್ಕೇ ಹೋಯಿತು. ಅವನ ಕಣ್ಣೂ ನನ್ನ ಕಣ್ಣಿನ ಹಿಂದೆಯೇ ಹೋಯಿತು. ಮಾವ ಉಳಿ ಕೆಳಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೆಂಚು ಅಲ್ಲಾಡುತ್ತಿತ್ತು, ಹೂತೆವು, ದಾರಿಯ ಕಲ್ಲು ಹಾಕಿ ಜಡಿದೆವು. ಜಮಾದಾರ ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡ.

"ಯಾವ ಕಲ್ಲು?"

ಹಾರೆಯವನು ಬೆಂಚಿನ ಬುಡಕ್ಕೆ ಹಾರೆ ಕೊಟ್ಟ. ಮಾವ ಹಗ್ಗ ಬಿಚ್ಚಿ, ಕೆತ್ತುತ್ತಿದ್ದ ಮರದ ಕಾಲನ್ನು ಮಡಿಲಲ್ಲಿ ಅವುಚಿಕೊಂಡ. ನಾವು ಅಷ್ಟು ಜಡಿದದ್ದಕ್ಕೆ ಬೆಂಚು ಸುಲಭಕ್ಕೆ ಬರಲಿಲ್ಲ. ಕಿತ್ತಾಗ ಒಂದು ಕಾಲು ಗುಂಡಿಯಲ್ಲೇ ಮುರಿದು ಉಳಿಯಿತು. ಬಿಳಿ ಕಲ್ಲುಗಳು ಒಂದೊಂದಾಗಿ ಹೊರಬಂದವು. ಬಾಗಿಲಲ್ಲಿ ಲೈನಿನ ಜನ ಗುಂಪಾಗಿ ನಿಂತು ನೋಡುತ್ತಿದ್ದರು. ಒಲೆಯ ಬುಡವನ್ನೂ ಅಗೆದರು. ನನ್ನ ಎಸರು ಬೂದಿಯ ಮೇಲೆ ಚೆಲ್ಲಿತು. ದಾರಿಯ ಕಲ್ಲು ಸ್ವಾಮಿ, ಹೋಗಿ ನೋಡಿ, ಅಲ್ಲಿ ರಾಶಿ ಬಿದ್ದಿದೆ ಎಂದು ನಾನು ಕೂಗಾಡಿದೆ. ಜಮಾದಾರ ಕಲ್ಲುಗಳನ್ನು ಚೀಲಕ್ಕೆ ತುಂಬಿಸಿ ಬಾಯಿ ಕಟ್ಟಿಸಿದ.

"ನಾಳೆ ದೊರೆ ಮುಂದೆ ಇಡ್ತೀನಿ. ಅವರು ನೋಡಿ ಹೇಳ್ಲಿ. ಅಲ್ಲೀವರ್ಗೂ ಎಲ್ಲೂ ಓಗ್ಬೇಡಿ."

ಎಲ್ಲಿಗೆ ಹೋಗುವುದು? ಒಂಟಿ ಕಾಲಿನವನು ಓಡುತ್ತಾನೆಯೇ? ಜನ ಚದುರಿದ ಮೇಲೆ ಬಾಗಿಲು ಹಾಕಿಕೊಂಡು ಇಬ್ಬರೂ ಗುಂಡಿಗಳ ನಡುವೆ ಕುಳಿತೆವು. ಇಷ್ಟು ದಿನ ಮನೆಯೊಂದೇ ಹೋಗುವುದಿತ್ತು. ಈಗ ಮಾನವೂ ಹೋಗುವುದು, ಬಹುಶಃ ಜೈಲೂ ಆಗುವುದು. ನಾನು ಬಾಯಿಗೆ ಬಂದಂತೆ ಎಲ್ಲರನ್ನೂ ಬೈದೆ, ಲೈನನ್ನು, ಜಮಾದಾರನನ್ನು, ಬೆಂಚನ್ನು, ಬೆಂಚು ಮಾಡಿದವನನ್ನು. ಮಾವ ಮಡಿಲಿನಲ್ಲಿದ್ದ ಮರದ ಕಾಲಿನೊಳಗೆ ಕೈಬಿಟ್ಟು ತಡವುತ್ತಿದ್ದ.

"ಇನ್ನೂ ಸ್ವಲ್ಪ ಕೆತ್ತಬೇಕು," ಎಂದ.

"ಕೆತ್ತಿ?"

"ಕಳ್ಳ ಅಂತ ಕೇಳೋಕಾದ್ರೂ ನಿಂತ್ಕೊಂಡೇ ಕೇಳ್ತೀನಿ."

ಮುರಿದ ಬೆಂಚನ್ನು ಎಳೆದು ಗೋಡೆಗೆ ಒತ್ತರಿಸಿದೆವು. ಮೂರು ಕಾಲು, ಮೊದಲಿಗಿಂತ ಕಡೆ. ಮಾವ ಬೆಂಚಿನಿಂದ ಎದುರು ಗೋಡೆಯವರೆಗೆ ಕಣ್ಣಲ್ಲೇ ಅಳೆದ. ನಮ್ಮ ಮನೆ ಎಷ್ಟು ಕಿರಿದೆಂದರೆ ಉದ್ದಕ್ಕೆ ಮಲಗಿದವಳ ಕಾಲು ಒಲೆ ದಾಟುತ್ತಿತ್ತು. ಆ ಗೋಡೆಗೆ ಬೆನ್ನು ಕೊಟ್ಟು ಕೂರು ಎಂದ. ಕುಳಿತೆ. ಎರಡೂ ಪಾದವನ್ನು ಬೆಂಚಿನ ಅಂಚಿಗೆ ಕೊಟ್ಟು ಒತ್ತು ಎಂದ. ಒತ್ತಿದೆ. ಬೆಂಚು ತನ್ನ ಹಿಂದಿನ ಗೋಡೆಗೂ ನನ್ನ ಪಾದಕ್ಕೂ ನಡುವೆ ಕಚ್ಚಿಕೊಂಡಿತು. ಅವನು ಕೈಯಿಂದ ಅಲ್ಲಾಡಿಸಿ ನೋಡಿದ, ಅಲ್ಲಾಡಲಿಲ್ಲ.

"ಕೆಳಗೆ ದಿಮ್ಮಿ ನಿಲ್ಸೋದೂ ಇಂಗೇ ಕಣೇ. ಮೊಳೆ ಇಲ್ಲ, ಏನಿಲ್ಲ. ಬಿಗಿ ಒಂದೇ."

"ದಿಮ್ಮಿಗೆ ಕಾಲು ಜೋಮು ಇಡಿಯಲ್ಲ, ಮಾವ."

"ಸಡಿಲ ಬಿಟ್ರೆ ಗುಡ್ಡ ಬೀಳ್ತದೆ."

ಒತ್ತಿಯೇ ಇದ್ದೆ. ಪ್ರತಿ ಏಟೂ ಪಾದದಿಂದ ಹೊರಟು ಬೆನ್ನುಮೂಳೆಗೆ ಬಂದು ಬಡಿಯುತ್ತಿತ್ತು. ಗೋಡೆಯ ಬದಿಗೆ ಕುಳಿತ ಅವನ ಉಳಿ ನನ್ನ ಕಡೆಗೇ ತಿರುಗಿತ್ತು; ಬೆಂಚು ಜರುಗಿದರೆ ಅದು ಎಲ್ಲಿಗೆ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಉಳಿಯ ತುದಿಯನ್ನೂ ನನ್ನ ಪಾದಗಳನ್ನೂ ಮಾತ್ರ ನೋಡುತ್ತಿದ್ದ. ಹೊತ್ತು ಇಳಿಯಿತು. ತೊಡೆಯ ಸ್ನಾಯು ತಾನೇ ತಾನಾಗಿ ಅದುರತೊಡಗಿತು. ಹಲ್ಲು ಕಚ್ಚಿಕೊಂಡೆ, ಬಾಯಿ ಬಿಡಲಿಲ್ಲ. ಬುಡ್ಡಿ ದೀಪ ಹಚ್ಚಲೇ ಎಂದು ಕೇಳಿದರೆ ಅವನು ಉಳಿ ಕೆಳಗಿಟ್ಟ. ಮೊಂಡುಗಾಲನ್ನು ಬಟ್ಟಲಿಗೆ ಇಳಿಬಿಟ್ಟು, ತೊಡೆಗೆ ಚರ್ಮದ ಬಾರು ಬಿಗಿದು, ಗೋಡೆ ಹಿಡಿದು ಎದ್ದ.

"ಸರಿ ಐತೆ. ಇಷ್ಟು ಸಾಕು."

ಸೋಮವಾರ ಬೆಳಿಗ್ಗೆ ಊರುಗೋಲನ್ನು ಮನೆಯಲ್ಲೇ ಬಿಟ್ಟು ಹೊರಟೆವು. ಅವನು ಮುಂದೆ, ನಾನು ಹಿಂದೆ. ಬೀಳುತ್ತಾನೇನೋ ಎಂದು ದಾರಿಯುದ್ದಕ್ಕೂ ಕೈ ಚಾಚಿಕೊಂಡೇ ನಡೆದೆ. ಮರದ ಯಾರ್ಡಿನ ಆಫೀಸಿನ ಮುಂದೆ ಜಮಾದಾರ ಚೀಲ ಇಟ್ಟುಕೊಂಡು ಕಾಯುತ್ತಿದ್ದ. ನನ್ನನ್ನು ಬೇಲಿಯ ಆಚೆಗೇ ನಿಲ್ಲಿಸಿದರು. ದೊರೆ ಬಂದ. ಗುಮಾಸ್ತರು ಏನೋ ಹೇಳಿದರು, ಜಮಾದಾರ ಏನೋ ಹೇಳಿದ. ದೊರೆ ಚೀಲವನ್ನು ನೋಡಿ, ಮಾವನನ್ನು ಮೇಲಿಂದ ಕೆಳಗೆ ನೋಡಿ, ಕಲ್ಲು ಪರೀಕ್ಷೆ ಮಾಡುವವನಿಗೆ ಹೇಳಿ ಕಳಿಸಿದ. ಅವನು ಬರುವವರೆಗೆ ಕಾಯಬೇಕೆಂದು ಅಪ್ಪಣೆಯಾಯಿತು.

ಮಾವ ಅಂಗಳದ ನಡುವೆ ನಿಂತ. ಒರಗಲು ಒಂದು ಕಂಬವಿರಲಿಲ್ಲ. ಬಿಸಿಲು ಏರಿತು. ಗಾಡಿಗಳು ಬಂದವು, ದಿಮ್ಮಿ ಇಳಿದವು, ಆಳುಗಳು ಅವನನ್ನು ಬಳಸಿಕೊಂಡು ಓಡಾಡಿದರು. ಪರೀಕ್ಷೆಯವನ ಸುಳಿವಿಲ್ಲ. ಮಾವನ ಬೆನ್ನಿನ ಅಂಗಿ ಒದ್ದೆಯಾಗಿ ಮೈಗಂಟಿದ್ದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಒಮ್ಮೆ ಗುಮಾಸ್ತರು ಹೊರಗೆ ಬಂದು ಕೂರು ಎಂಬಂತೆ ಕೈ ತೋರಿಸಿದರು. ಅವನು ತಲೆಯಾಡಿಸಿ ನಿಂತೇ ಇದ್ದ. ಬೇಲಿಯ ತಂತಿ ಹಿಡಿದ ನನ್ನ ಕೈ ತರಚಿದ್ದು ಆಮೇಲೆ ಗೊತ್ತಾಯಿತು. ಮನೆದೇವರಿಗೆಲ್ಲ ಹರಕೆ ಹೊತ್ತು ಮುಗಿಸಿ, ಅಕ್ಕಪಕ್ಕದ ಊರಿನ ದೇವರುಗಳಿಗೂ ಹೊತ್ತೆ.

ಕೊನೆಗೆ ಪರೀಕ್ಷೆಯವನು ಬಂದ. ಚೀಲ ಸುರಿದು, ಭೂತಗನ್ನಡಿ ಹಿಡಿದು ನೋಡಿದ. ಕೆಲವನ್ನು ಸುತ್ತಿಗೆಯಿಂದ ಒಡೆದು, ಒಡೆದ ಮೈಯನ್ನು ಬಿಸಿಲಿಗೆ ತಿರುಗಿಸಿ ನೋಡಿದ. ಆಮೇಲೆ ಕೈ ಒರೆಸಿಕೊಂಡು ಏನೋ ಅಂದ. ದೊರೆ ನಕ್ಕುಬಿಟ್ಟ. ದಾರಿಗೆ ಸುರಿಯುವ ಕಸದ ಕಲ್ಲು, ಚಿನ್ನದ ವಾಸನೆಯೂ ಇಲ್ಲವಂತೆ. ದೊರೆ ಇನ್ನೊಂದು ಪ್ರಶ್ನೆ ಕೇಳಿದ, ಗುಮಾಸ್ತರು ಬಿಸಿಲಿನ ಕಡೆ ಕೈ ತೋರಿಸಿ ಉತ್ತರ ಕೊಟ್ಟರು. ಗೇಟಿಗೆ ಆಗುತ್ತಾನೆಯೇ ಎಂದು ಅವನು ಕೇಳಿದನಂತೆ. ಬೆಳಿಗ್ಗೆಯಿಂದ ನಿಂತೇ ಇದ್ದಾನೆ, ಇನ್ನೇನು ನೋಡಬೇಕು ಎಂದು ಇವರು ಹೇಳಿದರಂತೆ. ಮಂಗಳವಾರದಿಂದ ಕೆಲಸ, ಮನೆ ಉಳಿಯಿತು.

ದಾರಿಯಲ್ಲಿ ನಾನು ಹಿಗ್ಗಿ ಮಾತಾಡಿದ್ದೇ ಮಾತಾಡಿದ್ದು. ಅವನು ಹೂಂ ಎಂದರೆ ಹೂಂ, ಅಷ್ಟೆ. ದಣಿದಿದ್ದಾನೆ ಎಂದುಕೊಂಡೆ. ಮನೆಯೊಳಗೆ ಬಂದು ಗೋಡೆಗೆ ಒರಗಿ ಕುಳಿತ, ಬಾರು ಬಿಚ್ಚಲು ಬಗ್ಗಿದವನಿಗೆ ಕೈ ಬರಲಿಲ್ಲ. ನಾನೇ ಬಿಚ್ಚಿದೆ. ಮರದ ಕಾಲು ಸುಲಭಕ್ಕೆ ಕಳಚಲಿಲ್ಲ, ಅಂಟಿಕೊಂಡಿತ್ತು. ಎಳೆದಾಗ ಬಟ್ಟಲಿನಿಂದ ರಕ್ತ ನನ್ನ ಸೀರೆಯ ಮೇಲೆ ಸುರಿಯಿತು. ಒಳಗೆ ಕೈಬಿಟ್ಟು ನೋಡಿದೆ. ಒಂದು ಪಕ್ಕವೆಲ್ಲ ಹಾಗೇ ಒರಟು ಬಿಟ್ಟಿದ್ದ, ನುಣುಪು ಮಾಡಿಯೇ ಇರಲಿಲ್ಲ. ಸಿಬಿರು ನನ್ನ ಬೆರಳಿಗೂ ಚುಚ್ಚಿತು. ಆ ಸಿಬಿರಿನ ಮೇಲೆ ಇವನು ಬೆಳಗಿನಿಂದ ನಿಂತಿದ್ದ.

ನನಗೆ ಕೆಟ್ಟ ಕೋಪ ಬಂತು. "ಆಗಿಲ್ಲ ಅಂತ ಯೇಳೋಕೆ ಏನು ರೋಗ ನಿಂಗೆ? ನಾನೇನು ಎದ್ದು ಓಗ್ತಿದ್ನಾ? ಇನ್ನೊಂದು ಗಳಿಗೆ ಒತ್ಕೊಂಡು ಕುಂತಿರ್ತಿದ್ದೆ."

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ. "ನಿನ್ ಕಾಲು ನಡುಗ್ತಿದ್ವು ಕಣೇ. ನಂಗೆ ಕಾಣಿಸ್ತಿತ್ತು."

ಅವನ ಮಂಡಿಯನ್ನು ಮಡಿಲಿಗೆ ಎಳೆದುಕೊಂಡು ಗೊಳೋ ಎಂದು ಅತ್ತುಬಿಟ್ಟೆ, ಆಮೇಲೆ ನೀರು ಕಾಯಿಸಲು ಎದ್ದೆ.